ಫುಟ್‌ಪಾತ್ ಮತ್ತು ಅದರ ಮೇಲಿನ ಆಕಾಶ

ನಮ್ಮತ್ತೆ ಶಿವನಂಜಮ್ಮನವರು ಹಗಲು ಹೊತ್ತು ನೆಲದ ಮೇಲಿದ್ದುದಕ್ಕಿಂತ ಗಾಳಿಯಲ್ಲಿದ್ದುದೇ ಹೆಚ್ಚು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಅವರಿಗೆ ಮಾತು ಬೇಕಿತ್ತು, ಮಾತಿಗೆ ಜನ ಬೇಕಿತ್ತು, ಜನ ಸಿಗುತ್ತಿದ್ದುದು ಫುಟ್‌ಪಾತಿನಲ್ಲಿ. ನಮ್ಮೂರಿನ ಫುಟ್‌ಪಾತಿನಲ್ಲಿ ಯಾರಾದರೂ ಅಡ್ಡ ನಿಂತು, ಹೋಗುವವರಿಗೆ ದಾರಿ ಇಲ್ಲದಂತೆ ಮಾಡಿದರೆ, ನಿಂತವರು ಮೆಲ್ಲಗೆ ಮೇಲಕ್ಕೇಳುತ್ತಿದ್ದರು. ಎದ್ದು ಮೊದಲ ಮಹಡಿಯ ಕಿಟಕಿಯ ಮಟ್ಟಕ್ಕೆ ಹೋಗಿ ನಿಲ್ಲುತ್ತಿದ್ದರು. ಅವರ ಕಾಲ ಕೆಳಗೆ ಉಳಿದವರು ತಮ್ಮ ಪಾಡಿಗೆ ಹೋಗುತ್ತಿದ್ದರು. ಪುರಸಭೆಯ ಹಳೆಯ ಕಾನೂನಿನಲ್ಲಿ ‘ದಾರಿಗೆ ಅಡ್ಡವಾದುದನ್ನು ಮೇಲಕ್ಕೆತ್ತತಕ್ಕದ್ದು’ ಎಂದಿತ್ತು. ಯಾರು ಎತ್ತತಕ್ಕದ್ದು ಎಂದು ಹೇಳಿರಲಿಲ್ಲ. ಹೇಳದಿದ್ದರೂ ಕೆಲಸ ನಡೆಯುತ್ತಿತ್ತು. ನಮ್ಮ ಪುರಸಭೆಯ ಕಾನೂನುಗಳಲ್ಲಿ ತಪ್ಪದೆ ನಡೆಯುತ್ತಿದ್ದುದು ಅದೊಂದೇ.

ಕೆಳಗಿಳಿಯುವುದು ಕಷ್ಟವೇನಲ್ಲ. ಎದುರಿನವರಿಗೆ ‘ಸರಿ, ಬರ್ತೀನಿ’ ಅನ್ನಬೇಕು, ಮನಸ್ಸಿನಲ್ಲೂ ಹಾಗೇ ಅಂದುಕೊಳ್ಳಬೇಕು. ಆಗ ಕಾಲು ತಾನಾಗಿ ನೆಲ ಮುಟ್ಟುತ್ತಿತ್ತು. ಎಮ್ಮೆಗಳಿಗೆ ಹೀಗೆ ಅನ್ನಲು ಬಾರದಾದ್ದರಿಂದ ಅವಕ್ಕೆ ಕೆಳಗಿನಿಂದ ಹುಲ್ಲು ತೋರಿಸಬೇಕಿತ್ತು. ತೋರಿಸುವವರು ಜಾಣರಾದರೆ ಜೊತೆಗೊಂದು ಕೊಡೆ ಹಿಡಿದಿರುತ್ತಿದ್ದರು. ಬೋಂಡದ ಗಾಡಿಯವನು ಗಾಡಿ ಸಮೇತ ಮೇಲೆ ಹೋಗಿ, ಅಲ್ಲಿಂದಲೇ ಹಗ್ಗಕ್ಕೆ ಬುಟ್ಟಿ ಕಟ್ಟಿ ಬೋಂಡ ಇಳಿಸುತ್ತಿದ್ದ. ಚಟ್ನಿ ಇಳಿಸುವಾಗ ಮಾತ್ರ ಎಲ್ಲರೂ ಸ್ವಲ್ಪ ಹಿಂದೆ ಸರಿಯುತ್ತಿದ್ದರು.

ನಮ್ಮತ್ತೆಯ ಸಮಸ್ಯೆ ಏನೆಂದರೆ, ಅವರ ‘ಬರ್ತೀನಿ’ಯಲ್ಲಿ ಗಟ್ಟಿ ಇರುತ್ತಿರಲಿಲ್ಲ. ‘ಬರ್ತೀನಿ ಕಣವ್ವಾ’ ಅನ್ನುತ್ತಿದ್ದರು, ಮೊಳದಷ್ಟು ಇಳಿಯುತ್ತಿದ್ದರು, ‘ಅಂದ ಹಾಗೆ ನಿಮ್ಮ ನಾದಿನೀದು ಏನಾಯ್ತು?’ ಅಂದು ಮತ್ತೆ ಮೇಲೆ ಹೋಗುತ್ತಿದ್ದರು. ಬಾವಿಯಲ್ಲಿ ಕೊಡ ಏರಿಳಿದ ಹಾಗೆ. ಹಾಗಂತ ಅವರ ಮಾತು ಬರೀ ಹರಟೆಯಲ್ಲ. ಯಾರ ಮನೆಯಲ್ಲಿ ಮಗುವಿಗೆ ಜ್ವರ, ಯಾರ ಮನೆಯಲ್ಲಿ ಬಾಡಿಗೆಗೆ ಕೋಣೆ ಇದೆ, ಯಾರ ಮಗಳಿಗೆ ಯಾವ ಊರಿನ ಗಂಡು ಬಂದಿತ್ತು, ಉಪ್ಪಿಟ್ಟು ತಿಂದು ಹೋದವನು ಯಾಕೆ ತಿರುಗಿ ಬರಲಿಲ್ಲ, ಎಲ್ಲವೂ ಅವರ ಬಾಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತಿತ್ತು. ಊರಿಗೆ ಅವರು ಬೇಕಿತ್ತು. ಬೇಡವಾಗಿದ್ದುದು ಒಬ್ಬರಿಗೆ ಮಾತ್ರ. ಅವರೇ ನಮ್ಮ ಪುರಸಭೆಯ ಅಧ್ಯಕ್ಷರು, ಮರಿಶಾಂತಪ್ಪನವರು.

ಮರಿಶಾಂತಪ್ಪನವರ ಮನೆ ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಅವರ ಬಚ್ಚಲಮನೆಯ ಕನ್ನಡಿಯ ಪಕ್ಕದಲ್ಲೇ ಕಿಟಕಿ. ಆ ಕಿಟಕಿಯ ಹೊರಗೆ ದಿನವೂ ಬೆಳಿಗ್ಗೆ ನಮ್ಮತ್ತೆ, ತರಕಾರಿ ಚೀಲ ಹಿಡಿದುಕೊಂಡು, ಯಾರದೋ ಜೊತೆ ಮಾತಾಡುತ್ತಾ ತೇಲುತ್ತಿದ್ದರು. ಒಂದು ಸೋಮವಾರ ಹಾಗೆ ತೇಲುವಾಗ ಒಳಗೆ ಕಣ್ಣು ಹೋಯಿತು. ಅಧ್ಯಕ್ಷರು ಸಣ್ಣ ಬಟ್ಟಲಲ್ಲಿ ಏನನ್ನೋ ಕಲಸಿಕೊಂಡು ಹಲ್ಲುಜ್ಜುವ ಹಳೆ ಬ್ರಷ್ಷಿನಲ್ಲಿ ಮೀಸೆಗೆ ಬಳಿದುಕೊಳ್ಳುತ್ತಿದ್ದರು. ಊರಿನಲ್ಲಿ ಆ ಮೀಸೆಯ ಬಗ್ಗೆ ಬಹಳ ಗೌರವವಿತ್ತು. ಅರವತ್ತು ದಾಟಿದರೂ ಕಾಡಿಗೆಯಂತಿದೆ, ದೇವರ ಕೊಡುಗೆ ಎನ್ನುತ್ತಿದ್ದರು. ಚುನಾವಣೆಯ ಗೋಡೆಬರಹದಲ್ಲಿ ಅವರ ಮುಖ ಬಿಟ್ಟು ಬರೀ ಮೀಸೆ ಬರೆದಿದ್ದರು, ಎಲ್ಲರಿಗೂ ಅರ್ಥವಾಗಿತ್ತು.

“ಏನಪ್ಪಾ ಮರಿಶಾಂತ, ಬಣ್ಣವಾ ಅದು?” ಎಂದು ಅತ್ತೆ ಕಿಟಕಿಯಿಂದ ಕೇಳಿದರು.

ಅಧ್ಯಕ್ಷರು ಕಿಟಕಿ ಮುಚ್ಚಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಬಣ್ಣ ಯಾವ ಕಂಪನಿಯದು ಎಂಬುದೂ ಊರಿಗೆಲ್ಲ ತಿಳಿದಿತ್ತು.

ನಾನು ಆಗಲೇ ಪುರಸಭೆಯ ಸದಸ್ಯೆಯಾಗಿದ್ದೆ. ನಮ್ಮ ವಾರ್ಡು ಮಹಿಳಾ ಮೀಸಲಾದ್ದರಿಂದ ನನ್ನ ಗಂಡ ನಟೇಶ ಅವರವ್ವನನ್ನು ನಿಲ್ಲಿಸಬೇಕೆಂದಿದ್ದರು. ‘ನಾನು ಆ ಸಭೇಲಿ ಕೂತ್ಕೊಂಡ್ರೆ ಊರಲ್ಲಿ ಯಾರು ಓಡಾಡ್ತಾರೆ? ವಿಶಾಲು ನಿಲ್ಲಲಿ’ ಎಂದು ಅತ್ತೆಯೇ ನನ್ನನ್ನು ಮುಂದೆ ತಳ್ಳಿದ್ದರು. ಪ್ರಚಾರವನ್ನೂ ಅವರೇ ಮಾಡಿದ್ದರು, ಮೇಲಿನಿಂದ. ಬೇರೆ ಅಭ್ಯರ್ಥಿಗಳು ಮನೆಮನೆಯ ಬಾಗಿಲು ತಟ್ಟಿದರೆ ಇವರು ಕಿಟಕಿ ತಟ್ಟಿದರು.

ಮೀಸೆಯ ಸುದ್ದಿ ಹಬ್ಬಿದ ವಾರದಲ್ಲೇ ವಿಶೇಷ ಸಭೆ ಕರೆದರು. ವಿಷಯ ಒಂದೇ, ಫುಟ್‌ಪಾತ್ ಅಡ್ಡಿ ಕಾನೂನಿಗೆ ತಿದ್ದುಪಡಿ. ಮರಿಶಾಂತಪ್ಪನವರು ಎದ್ದುನಿಂತು, “ನೆಲದ ಮೇಲೆ ಅಡ್ಡ ನಿಲ್ಲೋದು ತಪ್ಪು ಅಂದ್ಮೇಲೆ ಗಾಳೀಲಿ ಅಡ್ಡ ನಿಲ್ಲೋದು ಹ್ಯಾಗ್ರೀ ಸರಿ? ಬೆಳಕಿಗೆ ಅಡ್ಡಿ, ಗಾಳಿಗೆ ಅಡ್ಡಿ, ಮನುಷ್ಯನ ಮರ್ಯಾದೆಗೆ ಅಡ್ಡಿ!” ಎಂದರು. ‘ಮರ್ಯಾದೆ’ ಅನ್ನುವಾಗ ಕೈ ತಾನಾಗಿ ಮೀಸೆಯ ಕಡೆ ಹೋಯಿತು. ಮುಖ್ಯಾಧಿಕಾರಿ ಸುಬ್ಬನರಸಿಂಹಯ್ಯನವರು ತಿದ್ದುಪಡಿಯನ್ನು ಓದಿದರು: ‘ಫುಟ್‌ಪಾತ್ ಮತ್ತು ಅದರ ಮೇಲಿನ ಆಕಾಶವನ್ನೂ ಸಾರ್ವಜನಿಕ ದಾರಿಯೆಂದೇ ಭಾವಿಸತಕ್ಕದ್ದು.’

ಆಕಾಶ ಎಂಬ ಪದ ಸಭೆಗೆ ಬಹಳ ಹಿಡಿಸಿತು. ನಮ್ಮ ಪುರಸಭೆಯಲ್ಲಿ ಅಲ್ಲಿಯವರೆಗೆ ಚರಂಡಿಗಿಂತ ಎತ್ತರದ ವಿಷಯ ಚರ್ಚೆಯಾದದ್ದಿಲ್ಲ. ಒಪ್ಪುವವರು ಕೈಯೆತ್ತಿ ಎಂದರು. ‘ಹಾಗಾದರೆ ಮೇಲೆ ಹೋದವರು ಎಲ್ಲಿಗೆ ಹೋಗಬೇಕು?’ ಎಂದು ಕೇಳಲು ನಾನು ಕೈಯೆತ್ತಿದೆ. ಅದನ್ನೂ ಎಣಿಸಿಕೊಂಡರು. ತಿದ್ದುಪಡಿ ಸರ್ವಾನುಮತದಿಂದ ಪಾಸಾಯಿತು, ಎಲ್ಲರಿಗೂ ಮೈಸೂರುಪಾಕು ಕೊಟ್ಟರು, ನನ್ನ ಪ್ರಶ್ನೆ ಬಾಯೊಳಗೆ ಅದರ ಜೊತೆಗೇ ಕರಗಿಹೋಯಿತು.

ಮರುದಿನ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ಹಿಟ್ಟಿನ ಗಿರಣಿಯ ಕಮರುನ್ನಿಸಾ ಏದುಸಿರು ಬಿಡುತ್ತಾ ಅಡುಗೆಮನೆಗೇ ಬಂದಳು. “ವಿಶಾಲಕ್ಕಾ, ನಿಮ್ಮತ್ತೆ ಹೋಗ್ತಾ ಇದಾರೆ!”

“ಎಲ್ಲಿಗೆ?”

“ಮೇಲಕ್ಕೆ!”

“ಅದೇನು ಹೊಸದಾ?” ಎಂದೆ ನಾನು. ಆದರೆ ಅವಳ ಮುಖ ನೋಡಿ ಹಿಟ್ಟು ಮೆತ್ತಿದ ಕೈಯಲ್ಲೇ ಪೇಟೆಬೀದಿಗೆ ಓಡಿದೆ.

ಆದದ್ದಿಷ್ಟು. ಮರಿಶಾಂತಪ್ಪನವರು ಗೆದ್ದ ಸಂಭ್ರಮದಲ್ಲಿ, ಬಿಳಿ ಪಂಚೆ ಉಟ್ಟು, ಹೊಸದಾಗಿ ಬಣ್ಣ ಬಳಿದುಕೊಂಡು ಮನೆಯಿಂದ ಇಳಿದಿದ್ದರು. ಮೆಟ್ಟಿಲ ಬುಡದಲ್ಲೇ ಅತ್ತೆ ಸಿಕ್ಕಿದರು. “ಏನಪ್ಪಾ, ಒಣಗಿದೆಯಾ?” ಎಂದರು. ಅಧ್ಯಕ್ಷರು ಸುಮ್ಮನೆ ಹೋಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ನಿಂತರು. “ಶಿವನಂಜಕ್ಕಾ, ಇವತ್ತಿಂದ ನೀವು ನನ್ನ ಕಿಟಕಿ ಮುಂದೆ ನಿಲ್ಲಂಗಿಲ್ಲ, ತಿಳೀತಾ?” ಎಂದರು. ಹಿಂದೆ ಬರುತ್ತಿದ್ದ ಹಾಲಿನವನು ಗಂಟೆ ಹೊಡೆದ. ಇಬ್ಬರೂ ಎದ್ದರು. ಕಿಟಕಿಯ ಮಟ್ಟಕ್ಕೆ ಬಂದರು, ನಿಲ್ಲಲಿಲ್ಲ. “ನೋಡಿದ್ರಾ! ನಿಲ್ಲಲಿಲ್ಲ!” ಎಂದು ಅಧ್ಯಕ್ಷರು ಕೈತಟ್ಟಿ ನಕ್ಕರು. ಎರಡನೆಯ ಮಹಡಿ ದಾಟಿದರು. ತಾರಸಿ ದಾಟಿದರು. ನೀರಿನ ಟ್ಯಾಂಕು ದಾಟುವಾಗ ಅವರ ನಗು ನಿಂತಿತು. ಗಾಳಿಯೂ ದಾರಿಯೇ ಆದ ಮೇಲೆ ಗಾಳಿಯಲ್ಲಿ ನಿಂತವರೂ ಅಡ್ಡಿಯೇ. ಅಡ್ಡಿಯಾದವರನ್ನು ಮೇಲಕ್ಕೆತ್ತಬೇಕು. ಅಲ್ಲಿಯೂ ಅಡ್ಡಿ, ಅಲ್ಲಿಂದಲೂ ಎತ್ತಬೇಕು. ಆಕಾಶ ಎಲ್ಲಿ ಮುಗಿಯುತ್ತದೆ ಎಂದು ತಿದ್ದುಪಡಿಯಲ್ಲಿ ಹೇಳಿರಲಿಲ್ಲ.

ನಾನು ಹೋಗುವ ಹೊತ್ತಿಗೆ ಇಬ್ಬರೂ ಎರಡು ಗಾಳಿಪಟಗಳಷ್ಟಾಗಿದ್ದರು. ಊರೆಲ್ಲ ರಸ್ತೆಯ ನಡುವೆ ನಿಂತು ಕತ್ತೆತ್ತಿ ನೋಡುತ್ತಿತ್ತು. ಯಾರೋ ಪಕ್ಕದವರಿಗೆ, “ಅತ್ತೆ-ಸೊಸೆ ಜಗಳ ಎಲ್ಲಾರ ಮನೇಲೂ ಇರತ್ತೆ. ಆದ್ರೆ ಕಾನೂನು ಮಾಡ್ಸಿ ಸೀದಾ ಕೈಲಾಸಕ್ಕೆ ಕಳಿಸೋದಾ?” ಎನ್ನುವುದು ಕಿವಿಗೆ ಬಿತ್ತು.

“ಅತ್ತೇ!” ಎಂದು ಕೂಗಿದೆ.

“ವಿಶಾಲೂ! ಒಲೆ ಮೇಲೆ ಹಾಲಿಟ್ಟು ಬಂದಿದೀನಿ, ನೋಡ್ಕೋ!” ಎಂದು ಮೇಲಿನಿಂದ ದನಿ ಬಂತು.

“ಹಾಲು ಹಾಳಾಗೋಗ್ಲಿ! ಬರ್ತೀನಿ ಅನ್ನಿ! ಗಟ್ಟಿಯಾಗಿ ಅನ್ನಿ!”

ಅತ್ತೆ ಅಂದರು. ಇಳಿಯತೊಡಗಿದರು. ನಟೇಶ ಜನರನ್ನು ಸರಿಸಿ ಎರಡೂ ಕೈ ಚಾಚಿ ನಿಂತರು. ಅತ್ತೆ ಬಂದರು, ಬಂದರು, ನೀರಿನ ಟ್ಯಾಂಕಿನ ಮಟ್ಟಕ್ಕೆ ಬಂದರು. ಅಲ್ಲಿ ಅವರ ಕಣ್ಣು ಯಾರದೋ ತಾರಸಿಯ ಮೇಲೆ ಬಿತ್ತು. “ಅಯ್ಯಯ್ಯೋ! ಗೌರಮ್ಮಣ್ಣೀ! ನಿಮ್ಮ ಹಪ್ಪಳ ಎಲ್ಲಾ ಕಾಗೆ ತಿಂತಾ ಇದೆಯಲ್ರೇ!” ಎಂದರು, ಮತ್ತೆ ಸುಯ್ಯನೆ ಮೇಲೆ ಹೋದರು. ಮೊದಲಿನ ಎತ್ತರದಿಂದ ಇಳಿಯುವುದು ಒಂದು ಉಸಿರಿನ ಕೆಲಸವಾಗಿತ್ತು; ಅಷ್ಟು ಹೊತ್ತು ಅವರೂ ಹೇಗೋ ಬಾಯಿ ಮುಚ್ಚಿಕೊಳ್ಳಬಲ್ಲವರಾಗಿದ್ದರು. ಈಗಿನ ಎತ್ತರದಿಂದ ಇಳಿಯಲು ಬಹಳ ಹೊತ್ತು ಬೇಕು. ಮೇಲಾಗಿ ಅಲ್ಲಿಂದ ಇಡೀ ಊರಿನ ತಾರಸಿ, ಹಿತ್ತಿಲು, ಬಚ್ಚಲ ಹೊಗೆ ಎಲ್ಲ ಕಾಣುತ್ತಿತ್ತು. ಅವರಿಗೆ ಅಲ್ಲಿ ಕಂಡಷ್ಟು ಸುದ್ದಿ ಜನ್ಮದಲ್ಲಿ ಕಂಡಿರಲಿಲ್ಲ. ಅಧ್ಯಕ್ಷರದ್ದು ಬೇರೆ ತೊಂದರೆ. ಅವರಿಗೆ ಇಳಿಯಲು ಮನಸ್ಸಿತ್ತು, ಆದರೆ ಕೊನೆಯ ಮಾತು ತಮ್ಮದೇ ಆಗಬೇಕೆಂಬ ಹಟ. ನಮ್ಮತ್ತೆಯ ಎದುರು ಕೊನೆಯ ಮಾತು ಯಾರದೂ ಆದದ್ದಿಲ್ಲ.

ನಾನು ಸುಬ್ಬನರಸಿಂಹಯ್ಯನವರನ್ನು ಹಿಡಿದುಕೊಂಡೆ. “ತಿದ್ದುಪಡಿ ವಾಪಸ್ ತಗೊಳ್ಳಿ ಸಾರ್, ಈಗಲೇ.”

“ಆಗಲ್ಲಮ್ಮ. ಸಭೆ ಮಾಡ್ಬೇಕು. ಸಭೆ ಅಂದ್ರೆ ಅಧ್ಯಕ್ಷರ ಎದುರಿಗೇ ಆಗ್ಬೇಕು.” ಉಪಾಧ್ಯಕ್ಷರ ಹುದ್ದೆ ಖಾಲಿಯಿತ್ತು, ಇಬ್ಬರು ಅದಕ್ಕಾಗಿ ಎರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು.

“ಅಧ್ಯಕ್ಷರು ಎಲ್ಲಿದಾರೋ ಅಲ್ಲಿಗೇ ನಾವು ಹೋಗೋಣ” ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನಂಗೆ ಏಣಿ ಹತ್ತಿದ್ರೇನೇ ತಲೆ ಸುತ್ತುತ್ತಮ್ಮ.”

“ಕಣ್ಣು ಮುಚ್ಕೊಂಡು ಬನ್ನಿ.”

ಸದಸ್ಯರನ್ನೆಲ್ಲ ಒಟ್ಟುಗೂಡಿಸಿ ಬಟ್ಟೆ ಅಂಗಡಿಯ ಮುಂದೆ ಫುಟ್‌ಪಾತಿಗೆ ಅಡ್ಡಲಾಗಿ ಸಾಲಾಗಿ ನಿಲ್ಲಿಸಿದೆ. ಏನೂ ಆಗಲಿಲ್ಲ. ಅಡ್ಡಿಯಾಗಬೇಕಾದರೆ ಅತ್ತ ಹೋಗುವವರು ಯಾರಾದರೂ ಬೇಕಲ್ಲ. ಊರೆಲ್ಲ ನಡುರಸ್ತೆಯಲ್ಲಿ ಆಕಾಶ ನೋಡುತ್ತಾ ನಿಂತಿತ್ತು. “ಯಾರಾದ್ರೂ ಬನ್ರಪ್ಪಾ, ನಮ್ಮ ಹತ್ರ ಅಡ್ಡಿ ಮಾಡಿಸ್ಕೊಳ್ಳಿ!” ಎಂದು ಕೂಗಿದೆವು. ನಟೇಶ ಬಂದರು. ಆದರೆ ಅವರು ಹುಟ್ಟಾ ಸಂಕೋಚದ ಮನುಷ್ಯ. ನಮ್ಮ ಹತ್ತಿರ ಬಂದವರೇ “ಪರವಾಗಿಲ್ಲ, ನೀವು ನಿಂತ್ಕೊಳ್ಳಿ” ಎಂದು ರಸ್ತೆಗಿಳಿದು ಸುತ್ತು ಹಾಕಿಕೊಂಡು ಹೋದರು. ಕಾನೂನಿಗೆ ಇಂಥವರಿಂದ ಉಪಯೋಗವಿಲ್ಲ. ಕೊನೆಗೆ ಕಮರುನ್ನಿಸಾ ನೆನಪಾದಳು. ಗಿರಣಿಯಲ್ಲಿ ಯಂತ್ರ ಓಡುತ್ತಿದ್ದಂತೆ ಬಿಟ್ಟು ಬಂದಿದ್ದಳು. ಯಾರದೋ ರಾಗಿ ಡಬ್ಬ ತಲೆಯ ಮೇಲಿಟ್ಟುಕೊಂಡು ದಡದಡನೆ ಬಂದಳು.

“ಏನ್ರೀ ಇದು, ಕಂಬ ನೆಟ್ಟ ಹಾಗೆ ನಿಂತಿದೀರಾ? ದಾರಿ ಬಿಡ್ರೀ!”

“ಬಿಡಲ್ಲ!” ಎಂದೆವು ಒಟ್ಟಿಗೆ.

“ಕಲ್ಲು ಒಣ ತಿರುಗ್ತಾ ಇದೆ, ಸುಟ್ಟು ಹೋಗತ್ತೆ, ಬಿಡ್ರೀ ಅಂದ್ರೆ!”

ಅವಳ ಸಿಟ್ಟು ನಿಜವಾಗಿತ್ತು. ನಮ್ಮ ಕಾಲುಗಳು ನೆಲ ಬಿಟ್ಟವು. “ನಿನ್ನ ಹೊಟ್ಟೆ ತಣ್ಣಗಿರಲಿ ಕಮರೂ!” ಎಂದು ನಾನು ಕೂಗಿದೆ. ಅವಳು ನಮ್ಮ ಕಾಲ ಕೆಳಗೇ ಬಯ್ಯುತ್ತಾ ಹೋದಳು.

ಇಡೀ ಪುರಸಭೆ ಮೇಲೇರಿತು. ನಾನು ಅಲ್ಲಿಯವರೆಗೆ ಹಾಗೆ ಎದ್ದವಳಲ್ಲ. ರಸ್ತೆಯಲ್ಲಿ ಯಾರಾದರೂ ಮಾತಿಗೆಳೆದರೆ ತಲೆಯಾಡಿಸಿ ನಡೆದುಬಿಡುವ ಜಾತಿ ನನ್ನದು. ಹೊಟ್ಟೆ ಮೊದಲು ಕೆಳಗೇ ಉಳಿದು ಆಮೇಲೆ ಬಂದು ಸೇರಿಕೊಂಡಿತು. ದಾರಿಯಲ್ಲಿ ಒಂದು ಎಮ್ಮೆ ಸಿಕ್ಕಿತು. ಮುಂಜಾನೆಯಿಂದಲೇ ಹೋಗುತ್ತಿತ್ತೆಂದು ಕಾಣುತ್ತದೆ, ಮೆಲುಕು ಹಾಕುತ್ತಾ ನಮ್ಮನ್ನು ನೋಡಿ ಕಿವಿಯಾಡಿಸಿತು. ಅಷ್ಟರಲ್ಲಿ ನಮ್ಮತ್ತೆ ಇನ್ನೊಮ್ಮೆ ‘ಬರ್ತೀನಿ’ ಅಂದು ಇಳಿಯುತ್ತಿದ್ದವರು ನಮಗೆ ಎದುರಾದರು. “ಬಂದ್ಯಾ? ಬಾ ಬಾ. ಹಾಲು ಇಳಿಸಿದ್ಯಾ?” ಎಂದರು. ಅವರನ್ನು ಹಿಂಬಾಲಿಸಿಕೊಂಡು ಅಧ್ಯಕ್ಷರೂ ಇಳಿದಿದ್ದರು. ಅವರು ಹೆಗಲ ಟವಲನ್ನು ಮೂಗಿನ ಕೆಳಗೆ ಬಿಗಿಯಾಗಿ ಕಟ್ಟಿಕೊಂಡಿದ್ದರು.

“ಸಭೆ ಶುರು ಮಾಡಿ ಸಾರ್” ಎಂದು ಸುಬ್ಬನರಸಿಂಹಯ್ಯನವರು ಕಣ್ಣು ಮುಚ್ಚಿಕೊಂಡೇ ಹೇಳಿದರು.

ಅಧ್ಯಕ್ಷರು ಟವಲಿನೊಳಗಿನಿಂದ ಏನೋ ಗೊಣಗಿದರು. ಯಾರಿಗೂ ತಿಳಿಯಲಿಲ್ಲ. ಬಿಚ್ಚಿ ಮಾತಾಡಿ ಎಂದರೆ ತಲೆ ಅಲ್ಲಾಡಿಸಿದರು. ಅಷ್ಟು ಹೊತ್ತಿಗೆ ನಾವೆಲ್ಲ ಒಟ್ಟಿಗೆ ಗಾಳಿಗೆ ಅಡ್ಡಿಯಾಗಿ ಇನ್ನೂ ಮೇಲೆ ಹೋಗುತ್ತಿದ್ದೆವು. ಊರು ಅಂಗಳದ ರಂಗೋಲಿಯಷ್ಟಾಯಿತು. ಒಂದು ಹದ್ದು ನಮ್ಮನ್ನು ಸುತ್ತು ಹಾಕಿತು. ಹಿರಿಯ ಸದಸ್ಯರೊಬ್ಬರ ಹಲ್ಲು ಕಟಕಟ ಎನ್ನತೊಡಗಿತು. ನನ್ನ ಕೈಯ ಮೇಲಿನ ರೊಟ್ಟಿ ಹಿಟ್ಟು ಚಳಿಗೆ ಗಟ್ಟಿಯಾಗಿ ಬಿರಿಯಿತು. ಆಗ ನನಗೆ ನಿಜವಾದ ಹೆದರಿಕೆ ಹುಟ್ಟಿತು. ಅತ್ತೆಯ ಮುಖ ನೋಡಿದೆ. ಅವರ ತುಟಿ ನೀಲಿಯಾಗಿತ್ತು. ಮಾತು ನಿಲ್ಲಿಸಿರಲಿಲ್ಲ, ಆದರೆ ಸೆರಗನ್ನು ಕಿವಿಯವರೆಗೆ ಎಳೆದುಕೊಂಡು, ಒಂದು ಕೈಯಿಂದ ನನ್ನ ರಟ್ಟೆ ಹಿಡಿದಿದ್ದರು, ಬಲವಾಗಿ.

ಅತ್ತೆ ಅಧ್ಯಕ್ಷರ ಕಡೆ ತಿರುಗಿದರು. “ಮರಿಶಾಂತ, ಮಂಜಿಗೆ ಬಣ್ಣ ಇಳೀತಾ ಇದೆ ಕಣಪ್ಪ. ಟವಲ್ ಎಲ್ಲಾ ಕರ್ರಗಾಗಿದೆ, ಬಿಳೀ ಪಂಚೆ ಬೇರೆ. ಬಿಚ್ಚು.”

ಅವರು ಬಿಚ್ಚಲಿಲ್ಲ. ಅತ್ತೆಯೇ ಗಾಳಿಯಲ್ಲಿ ಎರಡು ಹೆಜ್ಜೆ ಈಜಿ ಹೋಗಿ, ಮಗುವಿನ ಮೂಗು ಒರೆಸುವವರ ಹಾಗೆ ಟವಲು ಬಿಚ್ಚಿ, ತಮ್ಮ ಸೆರಗಿನ ತುದಿಯಿಂದ ಒರೆಸಿದರು. ಬಣ್ಣದ ಕೆಳಗಿನಿಂದ ಬೆಳ್ಳಗಿನ ಮೀಸೆ ಹೊರಬಂತು. ನಾವೆಲ್ಲ ಬೇರೆ ಕಡೆ ನೋಡಿದೆವು. ಆಕಾಶದಲ್ಲಿ ಬೇರೆ ಕಡೆ ನೋಡಲು ಬೇಕಾದಷ್ಟು ಜಾಗವಿತ್ತು.

“ನಿಮ್ಮಪ್ಪಂದೂ ಹಿಂಗೇ ಇತ್ತು,” ಎಂದರು ಅತ್ತೆ. “ಬೆಳ್ಳಿ ಪಟ್ಟಿ ಇದ್ದ ಹಾಗೆ. ಅವರು ಬೀದೀಲಿ ಬಂದ್ರೆ ನಾವು ಹೆಣ್ಣುಮಕ್ಕಳು ಜಗಲಿಯಿಂದ ಎದ್ದು ನಿಲ್ತಿದ್ವಿ.”

ಅಧ್ಯಕ್ಷರು ಬೆರಳಿನಿಂದ ಮೀಸೆ ಮುಟ್ಟಿ ನೋಡಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ, “ಚೆನ್ನಾಗಿದೆಯಾ ಅಕ್ಕಾ?” ಎಂದು ಕೇಳಿದರು.

“ನಾನು ಯಾವತ್ತಾದ್ರೂ ಸುಳ್ಳು ಸುದ್ದಿ ಹೇಳಿದೀನಾ?”

ಅದು ಯಾರೂ ಅಲ್ಲಗಳೆಯುವಂಥ ಮಾತಲ್ಲ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, “ಸಭೆ ಶುರುವಾಗಿದೆ” ಎಂದರು.

ಆಕಾಶವನ್ನು ಕಾನೂನಿನಿಂದ ತೆಗೆದುಹಾಕುವುದಕ್ಕೆ ಯಾರ ತಕರಾರೂ ಇರಲಿಲ್ಲ. ಉಪಾಧ್ಯಕ್ಷಗಿರಿಯ ಇಬ್ಬರೂ ಚಳಿಗೆ ಒಬ್ಬರನ್ನೊಬ್ಬರು ತಬ್ಬಿಕೊಂಡೇ ಒಪ್ಪಿದರು. ಆದರೆ ಅಷ್ಟಕ್ಕೆ ಬಿಡಲು ನನಗೆ ಮನಸ್ಸು ಬರಲಿಲ್ಲ. “ಇನ್ನೊಂದು ಸೇರಿಸ್ಬೇಕು” ಎಂದೆ. “ಅಡ್ಡಿ ಅಂದ್ರೆ ಏನು ಅಂತ ನಮ್ಮ ಕಾನೂನಿನಲ್ಲಿ ಎಲ್ಲೂ ಹೇಳಿಲ್ಲ. ಅತ್ತೇ, ನೀವು ಹೇಳಿ. ಯಾರಿಗೆ ನೀವು ಅಡ್ಡಿ?”

ಅತ್ತೆ ಯೋಚಿಸಿದರು. ಅವರು ಯೋಚಿಸುವುದನ್ನು ನಾನು ನೋಡಿದ್ದು ಅದೇ ಮೊದಲು. ಆ ಹೊತ್ತಿನಲ್ಲಿ ನಾವೆಲ್ಲ ಎರಡಾಳು ಕೆಳಗಿಳಿದೆವು. “ಹೋಗ್ಬೇಕು ಅನ್ನೋರಿಗೆ ಅಡ್ಡಿ,” ಎಂದರು. “ನಿಂತು ನಾಲ್ಕು ಮಾತಾಡೋರಿಗೆ ಏನು ಅಡ್ಡಿ? ಹಿಂದೆ ಬಂದೋರೂ ಮಾತಿಗೆ ಸೇರ್ಕೊಂಡ್ರೆ ಅದು ಅಡ್ಡಿ ಹ್ಯಾಗಾಗುತ್ತೆ? ಅದು ಸಭೆ ಆಗುತ್ತೆ.”

ಸುಬ್ಬನರಸಿಂಹಯ್ಯನವರು ಅದನ್ನೇ ‘ತಕ್ಕದ್ದು’ ಹಚ್ಚಿ ಹೇಳಿದರು: ‘ತಡೆಯಲ್ಪಟ್ಟವರೂ ಮಾತಿಗೆ ಸೇರಿಕೊಂಡ ಪಕ್ಷದಲ್ಲಿ ಅದನ್ನು ಅಡ್ಡಿಯೆಂದು ಭಾವಿಸತಕ್ಕದ್ದಲ್ಲ.’ ಒಪ್ಪುವವರು ಕೈಯೆತ್ತಿ ಎಂದಾಗ ತೊಂದರೆಯಾಯಿತು. ಗಾಳಿಯಲ್ಲಿ ಕೈಯೆತ್ತಿದರೆ ಮೈ ಮಗುಚುತ್ತದೆ. ಒಬ್ಬೊಬ್ಬರೇ ಮೆಲ್ಲಗೆ ತಲೆಕೆಳಗಾದೆವು. ಮುಖ್ಯಾಧಿಕಾರಿಗಳು ಕಣ್ಣು ಬಿಡಲೊಪ್ಪದೆ ತಡಕಿ ತಡಕಿ ಎಣಿಸಿದರು. ಕೆಲವು ಕಾಲುಗಳೂ ಲೆಕ್ಕಕ್ಕೆ ಸೇರಿದವೆಂದು ನನ್ನ ಗುಮಾನಿ. ಹೇಗಾದರೂ ಬಹುಮತ ಬಂತು.

ಬಂದದ್ದೇ ತಡ, ಆಕಾಶ ನಮ್ಮ ಕೈಬಿಟ್ಟಿತು. ಬೀಳಲಿಲ್ಲ; ಮೊಸರಿಗೆ ಬಿಟ್ಟ ವಡೆಯ ಹಾಗೆ ಮೆತ್ತಗೆ ಇಳಿದೆವು. ಎಮ್ಮೆಯೂ ಇಳಿಯಿತು. ಆದರೆ ಮಹಡಿಯ ಕಿಟಕಿಯ ಮಟ್ಟಕ್ಕೆ ಬಂದು ಹಳೆಯ ಕಾನೂನಿನಂತೆ ಎಲ್ಲರೂ ನಿಂತೆವು. ನಾವು ಅಡ್ಡಿ ಮಾಡಿದ ಕಮರುನ್ನಿಸಾ ಇನ್ನೂ ಮಾತಿಗೆ ಸೇರಿರಲಿಲ್ಲವಲ್ಲ. ಅವಳು ಗಿರಣಿ ನಿಲ್ಲಿಸಿ ಬಂದು, ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡುತ್ತಾ ನಿಂತಿದ್ದಳು. ಬಹಳ ಸಿಟ್ಟಿನಲ್ಲಿದ್ದಳು. ಅತ್ತೆ ಏನೂ ಅನ್ನದೆ ನಗುತ್ತಾ ಕಾದರು. ಅಷ್ಟರಲ್ಲಿ ಅವಳ ಕಣ್ಣು ಅಧ್ಯಕ್ಷರ ಮುಖದ ಮೇಲೆ ಬಿತ್ತು.

“ಅಲ್ಲಾ, ಮೀಸೆಗೆ ಏನಾಯ್ತ್ರೀ?” ಎಂದಳು.

ನಾವೆಲ್ಲ ದೊಪ್ಪನೆ ಫುಟ್‌ಪಾತಿಗೆ ಬಿದ್ದೆವು.

ಈಗ ನಮ್ಮೂರಿನಲ್ಲಿ ಫುಟ್‌ಪಾತಿನ ಮೇಲೆ ಜನ ಮೊದಲಿಗಿಂತ ಹೆಚ್ಚು ನಿಲ್ಲುತ್ತಾರೆ, ಮೊದಲಿಗಿಂತ ಕಡಿಮೆ ಮೇಲೇಳುತ್ತಾರೆ. ಅವಸರದವರು ಬಂದರೆ ‘ಏನ್ ಸಮಾಚಾರ’ ಎಂದು ಒಂದು ಮಾತು ಸೇರಿಸಿ, ಎದ್ದವರನ್ನು ಇಳಿಸಿ, ಸಂದಿಯಲ್ಲಿ ನುಸುಳಿ ಹೋಗುತ್ತಾರೆ. ಒಂದು ಮಾತು ಎಂದು ಶುರುಮಾಡಿ ರೈಲು ತಪ್ಪಿಸಿಕೊಂಡವರೂ ಇದ್ದಾರೆ. ಮರಿಶಾಂತಪ್ಪನವರ ಬಿಳಿ ಮೀಸೆಯನ್ನು ಬೇರೆ ವಾರ್ಡುಗಳಿಂದಲೂ ನೋಡಲು ಬರುತ್ತಾರೆ.

ಮೊನ್ನೆ ನಾನು ಬಜೆಟ್ ಸಭೆಗೆ ಓಡುತ್ತಿದ್ದೆ, ಆಗಲೇ ತಡವಾಗಿತ್ತು. ಬಳೆ ಅಂಗಡಿಯ ಮುಂದೆ ಅತ್ತೆ ಅಡ್ಡ ಬಂದು “ವಿಶಾಲೂ” ಎಂದರು. “ಸಾಯಂಕಾಲ ಮಾತಾಡೋಣ ಅತ್ತೆ, ಹೊತ್ತಾಯ್ತು” ಎಂದೆ. ಅವರ ಹಿಮ್ಮಡಿ ನೆಲ ಬಿಡುವುದು ಕಾಣಿಸಿತು. ಒಂದು ಗೇಣು ಎದ್ದರು. ಮುಖದಲ್ಲಿ ಬೇಸರವೇನೂ ಇರಲಿಲ್ಲ, ಅಭ್ಯಾಸವಾದವರ ಹಾಗೆ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು ಅಷ್ಟೇ. ನಾನು ನಿಂತೆ. “ಸರಿ, ಹೇಳಿ” ಎಂದೆ. ಅವರು ಇಳಿದರು.

“ಏನಿಲ್ಲ ಕಣೇ,” ಎಂದರು. “ಎಲ್ಲಾರನ್ನೂ ನಿಲ್ಲಿಸ್ತೀನಿ, ಮನೇವಳನ್ನೇ ಒಂದು ದಿನಾನೂ ನಿಲ್ಲಿಸಿಲ್ವಲ್ಲಾ ಅನ್ನಿಸ್ತು.”

ನಾನು ಏನೋ ಹೇಳಲು ಬಾಯಿ ತೆರೆದೆ. ಹಿಂದಿನಿಂದ ಯಾರೋ ಮೂಟೆ ಹೊತ್ತವನು “ದಾರಿ, ದಾರಿ!” ಎಂದು ಕೂಗಿದ. ಮಾತಿಗೆ ಸೇರುವ ಆಸಾಮಿಯಲ್ಲ ಅವನು. ನಮ್ಮಿಬ್ಬರ ಕಾಲೂ ಒಟ್ಟಿಗೆ ನೆಲ ಬಿಟ್ಟವು. ‘ಬರ್ತೀನಿ’ ಅನ್ನಬಹುದಿತ್ತು. ಅನ್ನಲಿಲ್ಲ. ಬಳೆ ಅಂಗಡಿಯ ಬೋರ್ಡು ದಾಟುವಾಗ ಅತ್ತೆ ಬಗ್ಗಿ ನನ್ನ ಸೀರೆಯ ಅಂಚನ್ನು ಮೊಣಕಾಲ ನಡುವೆ ಸಿಕ್ಕಿಸಿದರು.

“ನೆರಿಗೆ ಬಿಗಿಯಾಗಿ ಹಿಡ್ಕೋ,” ಎಂದರು. “ಮೇಲೆ ಗಾಳಿ ಇರತ್ತೆ.”